ನನ್ನ ಮೊಡವೆ, ಅತ್ತೆಯ ಗಿರಣಿ

ನಮ್ಮ ಅತ್ತೆ ನಿಮ್ಮ ಗದ್ದದ ಮೇಲಿನ ಒಂದೇ ಒಂದು ಮೊಡವೆ ನೋಡಿ, ನೀವು ಮೊನ್ನೆ ಮಂಗಳವಾರ ಏನು ತಿಂದಿರಿ, ಎಷ್ಟು ಹೊತ್ತು ಮಲಗಿದಿರಿ, ಯಾರ ಜೊತೆ ಜಗಳವಾಡಿದಿರಿ ಎಂದು ಹೇಳಿಬಿಡುತ್ತಾಳೆ! ನಂಬುವುದಿಲ್ಲವೇ? ಬೇಡ ಬಿಡಿ, ನನಗೇ ಪೂರ್ತಿ ನಂಬಿಕೆಯಿಲ್ಲ. ಅದು ಮಂಗಳವಾರವೋ ಸೋಮವಾರವೋ ಎನ್ನುವುದರಲ್ಲೂ ನನಗೆ ಅನುಮಾನ. ಇತಿಹಾಸದಲ್ಲಿ ಎಂ.ಎ. ಮಾಡಿದ ಮೇಲೆ ನನಗೆ ಅಂಟಿಕೊಂಡ ಒಂದೇ ಚಟವೆಂದರೆ ನನ್ನ ನೆನಪಿಗೆ ನಾನೇ ಸಾಕ್ಷಿ ಕೇಳುವುದು. ಹಾಗಾಗಿ ಮೊದಲೇ ಒಪ್ಪಿಕೊಳ್ಳುತ್ತೇನೆ: ಕೆಳಗೆ ಬರೆದದ್ದರಲ್ಲಿ ಕೆಲವು ವಿವರಗಳು ಅದಲುಬದಲಾಗಿರಬಹುದು. ಯಾರು ಯಾವ ಮಾತು ಮೊದಲು ಆಡಿದರು, ಡಬ್ಬಿಯಲ್ಲಿ ಇದ್ದದ್ದು ಎಷ್ಟು ಸೇರು ಎಂಬುದಕ್ಕೆಲ್ಲ ನಾನು ಜವಾಬ್ದಾರಳಲ್ಲ. ಆದರೆ ಮುಖ ಉರಿದದ್ದು ಮಾತ್ರ ಖರೆ. ಅದಕ್ಕೆ ನನ್ನ ಡೈರಿಯಲ್ಲಿ ದಾಖಲೆ ಇದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಭಾಲ್ಕಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಅಜ್ಜನ ಗಿರಣಿ ಅದು. ಅಜ್ಜ ಹೋದ ಮೇಲೆ ಪೂರ್ತಿ ಇವಳದೇ ರಾಜ್ಯ. ಮುಂದಿನ ಕೋಣೆಯಲ್ಲಿ ಜೋಳ, ಗೋಧಿ ಬೀಸುವ ದೊಡ್ಡ ಗಿರಣಿ. ಹಿಂದಿನ ಕೋಣೆಯಲ್ಲಿ ಮೆಣಸಿನಕಾಯಿ, ಮಸಾಲೆ ಕುಟ್ಟುವ ಚಿಕ್ಕ ಯಂತ್ರ. ಅದಕ್ಕೆ ಖಾರದ ಗಿರಣಿ ಎಂದು ಹೆಸರು. ಅದರ ಹಿಂದೆ ಮನೆ. ಬೆಳಿಗ್ಗೆ ಎಂಟು ಗಂಟೆಗೆ ಒಬ್ಬ ಹೆಂಗಸು ಗಿರಣಿಯೊಳಗೆ ಹೋಗುತ್ತಾಳೆ, ಎಂಟೂವರೆಗೆ ಅಲ್ಲಿ ಒಂದು ಹಿಟ್ಟಿನ ಬೊಂಬೆ ನಿಂತಿರುತ್ತದೆ. ಹುಬ್ಬು ಬಿಳಿ, ರೆಪ್ಪೆ ಬಿಳಿ, ಕೆನ್ನೆ ಬಿಳಿ. ಚಿಕ್ಕವಳಿದ್ದಾಗ ಅತ್ತೆಯ ಮೈಬಣ್ಣವೇ ಜೋಳದ್ದು ಎಂದುಕೊಂಡಿದ್ದೆ. ಒಮ್ಮೆ ಶಾಲೆಯಲ್ಲಿ ಮನೆಯವರ ಚಿತ್ರ ಬಿಡಿಸಲು ಹೇಳಿದಾಗ ಎಲ್ಲರಿಗೂ ಬಣ್ಣ ಹಚ್ಚಿ ಅತ್ತೆಯನ್ನು ಮಾತ್ರ ಹಾಗೇ ಬಿಟ್ಟಿದ್ದೆನಂತೆ. ಇದು ಅಮ್ಮ ಹೇಳಿದ್ದು. ನನಗೆ ನೆನಪಿಲ್ಲ.

ನಾವಿರುವುದು ಬೀದರಿನಲ್ಲಿ. ನಮ್ಮ ಮನೆಯಿಂದ ರೈಲು ನಿಲ್ದಾಣದ ತನಕ ನಾಲ್ಕು ಗಿರಣಿಗಳಿವೆ. ಆದರೂ ಅಪ್ಪ ತಿಂಗಳಿಗೆ ಎರಡು ಸಲ ಜೋಳದ ಡಬ್ಬಿ ಹೊತ್ತು, ಆ ನಾಲ್ಕೂ ಗಿರಣಿಗಳ ಮುಂದೆ ತಲೆ ತಗ್ಗಿಸಿಕೊಂಡು ನಡೆದು, ರೈಲು ಹತ್ತಿ ಭಾಲ್ಕಿಗೆ ಹೋಗಿ ಬೀಸಿಕೊಂಡು ಬರುತ್ತಾರೆ. ಒಮ್ಮೆ, ಒಮ್ಮೆ ಮಾತ್ರ, ಕಾಲು ಉಳುಕಿ ಮನೆ ಹತ್ತಿರವೇ ಬೀಸಿಸಿದರು. ಮುಂದಿನ ಸಲ ಅತ್ತೆ ಖಾಲಿ ಡಬ್ಬಿಯ ಮೂಲೆಗೆ ಬೆರಳು ಹಾಕಿ, ಉಳಿದ ಚಿಟಿಕೆ ಹಿಟ್ಟು ಉಜ್ಜಿ ನೋಡಿ, "ಇದು ನನ್ನ ಕಲ್ಲಿನ ಹಿಟ್ಟಲ್ಲ" ಎಂದು ಡಬ್ಬಿ ವಾಪಸು ಕೊಟ್ಟಳಂತೆ. ಕೊಲೆ ಪ್ರಕರಣದ ಪೊಲೀಸರೂ ಇಷ್ಟು ಬೇಗ ಅಪರಾಧಿಯನ್ನು ಹಿಡಿಯಲಾರರು!

ಮೊಡವೆಗೂ ಇವಳಿಗೂ ಏನು ಸಂಬಂಧ ಎಂದು ಕೇಳುತ್ತೀರಿ. ಎಲ್ಲ ಶುರುವಾದದ್ದು ಡಬ್ಬಿಯಿಂದಲೇ. ಗಿರಣಿಯಲ್ಲಿ ಡಬ್ಬಿಗಳದೇ ಸಾಲು. ಜನ ಡಬ್ಬಿ ಇಟ್ಟು ಪಕ್ಕದಲ್ಲಿ ಹರಟೆ ಹೊಡೆಯುತ್ತಾರೆ. ಯಾವ ಡಬ್ಬಿ ಯಾರ ಮನೆಯದು, ಅದರಲ್ಲಿ ಜೋಳ ಎಷ್ಟು, ಗೋಧಿ ಎಷ್ಟು, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದೆಲ್ಲ ಅತ್ತೆಯ ತಲೆಯಲ್ಲಿ ಅಚ್ಚಾಗಿದೆ. ಒಂದು ವರ್ಷ ಅವಳಿಗೆ ಒಂದು ವಿಷಯ ಹೊಳೆಯಿತು: ಜೋಳದ ಡಬ್ಬಿ ಬರುವುದು ನಿಂತ ಮನೆಗಳ ಹುಡುಗರ ಮುಖದಲ್ಲಿ ಗುಳ್ಳೆ ಎದ್ದಿವೆ. ಡಬ್ಬಿ ನಿಂತಿತೆಂದರೆ ಆ ಮನೆಯಲ್ಲಿ ಬ್ರೆಡ್ಡು, ಖಾರಿ ಬಿಸ್ಕತ್ತು, ಬೇಕರಿ ಕೇಕು, ಬಾಟಲಿಯ ಬಣ್ಣದ ನೀರು ಶುರುವಾಗಿದೆ ಎಂದೇ ಅರ್ಥ. ಅಂದಿನಿಂದ ಗಿರಣಿಗೆ ಯಾರೇ ಗುಳ್ಳೆಮುಖದವರು ಬಂದರೂ ಮೊದಲ ಪ್ರಶ್ನೆ: "ಏನ್ ತಿಂದಿ?"

ಈ ಸಿದ್ಧಾಂತ ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಚಿಂತಾಕಿಯ ಅಳಿಯ ಬಂದ. ಅವನ ಊರು ಔರಾದ್ ತಾಲೂಕಿನ ಚಿಂತಾಕಿ, ಕೆಲಸ ಬೀದರಿನ ಪಕ್ಕ ಕೊಳಾರದ ಒಂದು ಕಾರ್ಖಾನೆಯಲ್ಲಿ, ಮಾವನ ಮನೆ ಅತ್ತೆಯ ಗಿರಣಿಯ ಎದುರಿಗೆ. ರಜೆಗೆ ಬಂದವನು ಮಾವನ ಡಬ್ಬಿ ಹಿಡಿದು ನಿಂತ. ಮುಖದ ತುಂಬ ಗುಳ್ಳೆ. ಅತ್ತೆಗೆ ಖುಷಿಯೋ ಖುಷಿ.

"ಏನ್ ತಿಂತಿರಿ ಅಳಿಯದೇವ್ರು? ಪಾವ್? ಖಾರಿ?"

"ಇಲ್ರಿ ಅಕ್ಕಾ. ಮೂರು ಹೊತ್ತು ಜ್ವಾಳದ ರೊಟ್ಟಿ. ನಮ್ಮ ಹೊಲದ್ದೇ ಜ್ವಾಳ."

"ಎಣ್ಣ್ಯಾಗ ಕರಿದಿದ್ದು?"

"ಎಣ್ಣಿ ಕಂಡ್ರ ನನಗ ಆಗಿಬರಲ್ರಿ."

ಅತ್ತೆ ಬೆಪ್ಪಾದಳು. ಸ್ವಂತ ಹೊಲದ ಜೋಳ ತಿನ್ನುವವನ ಮುಖದಲ್ಲಿ ಗುಳ್ಳೆ! ಅವನ ಹಿಟ್ಟನ್ನು ಎರಡೆರಡು ಸಲ ಮುಟ್ಟಿ ನೋಡಿದಳಂತೆ, ಜೋಳದಲ್ಲೇ ಏನಾದರೂ ಐಬು ಇದೆಯೋ ಎಂದು. ಮೂರು ದಿನ ಊಟ ಸೇರಲಿಲ್ಲವಂತೆ. ನಾಲ್ಕನೆಯ ದಿನ ರಸ್ತೆ ದಾಟಿ ಅವನ ಮಾವನ ಮನೆಗೇ ಹೋಗಿ ವಿಚಾರಿಸಿದಳು. ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ ಎಂದು ಗೊತ್ತಾಯಿತು. "ಹಗಲು ಮಲಗಿದ್ರ ಕಣ್ಣು ಮುಚ್ತಾವ್ರಿ, ನಿದ್ದಿ ಬರಲ್ಲ" ಎಂದನಂತೆ ಅಳಿಯ. ಅತ್ತೆ ಗೆದ್ದ ಮುಖ ಮಾಡಿಕೊಂಡು ವಾಪಸು ಬಂದಳು. ಎರಡನೆಯ ಪ್ರಶ್ನೆ ಹುಟ್ಟಿತು: "ನಿದ್ದಿ ಆಗ್ತದೇನು?"

ಮೂರನೆಯ ಪ್ರಶ್ನೆ ಕೊಟ್ಟವರು ಹಿಂದಿನ ಓಣಿಯ ಖಾಲಾ, ಉರ್ದುವಿನಲ್ಲಿ ಚಿಕ್ಕಮ್ಮ. ಬ್ಲೌಸು ಹೊಲಿಯುತ್ತಾರೆ, ಅತ್ತೆಗೆ ನಲವತ್ತು ವರ್ಷದ ಗೆಳತಿ. ಇಬ್ಬರೂ ದಿನಕ್ಕೊಮ್ಮೆ ಜಗಳವಾಡದಿದ್ದರೆ ಇಬ್ಬರಿಗೂ ಚಹಾ ರುಚಿಸುವುದಿಲ್ಲ. ಅವರ ಕಿರಿಯ ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಹಣೆಯ ತುಂಬ ಕಾಳುಕಾಳಾಗಿ ಗುಳ್ಳೆ ಎದ್ದವು. ಅತ್ತೆ ಎಂದಿನಂತೆ ಊಟದ ವಿಚಾರಣೆ ಶುರುಮಾಡಿದಳು. ಖಾಲಾ ರೇಗಿದರು.

"ಮೈ ಜೋ ಖಾತಿವುಂ ವೋಇಚ್ ಖಾತಿ ಉನೆ! ಮೇರೆ ಮೂ ಪೋ ಕಾಂ ಹೈ ಮುಹಾಸೆ?"

ನಾನು ತಿನ್ನುವುದನ್ನೇ ಅವಳೂ ತಿನ್ನುತ್ತಾಳೆ, ನನ್ನ ಮುಖದ ಮೇಲೆ ಎಲ್ಲಿವೆ ಮೊಡವೆ? ತರ್ಕ ಸರಿಯಾಗಿಯೇ ಇತ್ತು. ಹುಡುಗಿ ಒಂಬತ್ತು ತಾಸು ಮಲಗುತ್ತಿದ್ದಳು ಕೂಡ. ಅತ್ತೆಗೆ ದಾರಿ ಕಾಣದೆ, ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದಳು:

"ಯವ್ವಾ, ನಿನಗ ಯಾರ ಮ್ಯಾಲರ ಸಿಟ್ಟದ ಏನು?"

ಆ ಹುಡುಗಿ ಒಂದು ಕ್ಷಣವೂ ತಡಮಾಡದೆ ಹೇಳಿತು: "ಅಮ್ಮಿ ಮ್ಯಾಲ!"

ದಿನಾ ಬೆಳಗಾದರೆ 'ಓದಿದೆಯಾ', ಮಲಗುವಾಗ 'ಓದಿದೆಯಾ', ನಡುವೆ ಅಕ್ಕನ ಮಗಳ ಅಂಕಗಳ ಪಾರಾಯಣ. ಹುಡುಗಿ ಸಾಲಿನಲ್ಲಿದ್ದ ಎಲ್ಲರ ಮುಂದೆ ಇದನ್ನು ಹೇಳಿ ಡಬ್ಬಿ ಎತ್ತಿಕೊಂಡು ಹೋಯಿತು. ಖಾಲಾ ಹದಿನೈದು ದಿನ ಗಿರಣಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ಬಂದು ಡಬ್ಬಿ ಇಟ್ಟು, ಬೇರೆ ಕಡೆ ನೋಡುತ್ತ, "ನಾ ಈಗ ಏನೂ ಕೇಳಲ್ಲ. ಹಣಿ ಅರ್ಧ ಸಾಫ್ ಆಗ್ಯಾದ" ಎಂದರಂತೆ. ಅಷ್ಟರಲ್ಲಿ ಪರೀಕ್ಷೆಯೂ ಮುಗಿದಿತ್ತು. ಹಣೆ ಸಾಫಾದದ್ದು ಪರೀಕ್ಷೆ ಮುಗಿದದ್ದಕ್ಕೋ, ತಾಯಿ ಬಾಯಿ ಮುಚ್ಚಿದ್ದಕ್ಕೋ ಯಾರು ಹೇಳಬೇಕು? ನಾನಾದರೆ ಎರಡೂ ಕಾರಣ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ. ಅತ್ತೆ ಅಂಥ ಚಿಹ್ನೆಗಳನ್ನು ಹಾಕುವವಳಲ್ಲ.

ಹೀಗೆ ಮೂರು ಪ್ರಶ್ನೆ ಕೂಡಿದವು. ಏನ್ ತಿಂದಿ? ನಿದ್ದಿ ಆಗ್ತದೇನು? ಯಾರ ಮ್ಯಾಲ ಸಿಟ್ಟದ? ಇವುಗಳನ್ನು ಅತ್ತೆ ಎಲ್ಲೆಂದರಲ್ಲಿ, ಯಾರನ್ನೆಂದರೆ ಅವರನ್ನು ಕೇಳತೊಡಗಿದಳು. ಜಿಮ್ಮಿಗೆ ಹೋಗುವ ಒಬ್ಬ ತರುಣ ಕುತ್ತಿಗೆ, ಬೆನ್ನಿನ ತುಂಬ ಗುಳ್ಳೆ ಹೊತ್ತು ಗೋಧಿ ತಂದ. ತಾನು ಕುಡಿಯುವ ಪ್ರೋಟೀನ್ ಪುಡಿಯ ಹೆಮ್ಮೆ ಅವನಿಗೆ. ಮರುದಿನ ಡಬ್ಬವನ್ನೇ ತಂದು ತೋರಿಸಿದ. ಅತ್ತೆ ಮುಚ್ಚಳ ತೆಗೆದು ಮೂಸಿ, ಬೆರಳಿನಿಂದ ಉಜ್ಜಿ ಕೇಳಿದಳು: "ಇದು ಹಾಲಿನ ಪುಡಿ ಅದಲ್ಲೋ! ಎಷ್ಟು ಕೊಟ್ಟಿ? ... ಅಷ್ಟ್ರಾಗ ಎಮ್ಮಿನೇ ಬರ್ತಿತ್ತು. ಶಗಣಿನೂ ಸಿಗ್ತಿತ್ತು!" ನಮ್ಮ ಸಂಬಂಧಿಕರ ಒಂದು ಮದುವೆಯಲ್ಲಂತೂ ಅಕ್ಷತೆ ಹಾಕಲು ವೇದಿಕೆ ಹತ್ತಿದವಳು, ಮದುಮಗಳ ಮೇಕಪ್ಪಿನ ಕೆಳಗೆ ಏನು ಕಂಡಳೋ, ಅವಳ ಕಿವಿಗೆ ಬಾಗಿ ಕೇಳಿಯೇ ಬಿಟ್ಟಳು: "ಯಾರ ಮ್ಯಾಲ ಸಿಟ್ಟದ ತಾಯಿ?" ಮದುಮಗಳು ಪಕ್ಕದಲ್ಲಿದ್ದವನ ಕಡೆ ಒಮ್ಮೆ ನೋಡಿದಳು. ಫೋಟೊದವನು ಅದೇ ಕ್ಷಣ ಕ್ಲಿಕ್ಕಿಸಿದ. ಆ ಫೋಟೊ ಆಲ್ಬಮ್ಮಿನಲ್ಲಿ ಇದೆಯೆಂದು ನನ್ನ ತಮ್ಮ ಆಣೆ ಮಾಡುತ್ತಾನೆ. ನಾನು ನೋಡಿಲ್ಲ.

ಇದೆಲ್ಲ ಪರರ ಮುಖದ ವಿಷಯವಾಗಿದ್ದಾಗ ನನಗೂ ತಮಾಷೆಯೇ ಆಗಿತ್ತು. ಇಪ್ಪತ್ತೈದನೆಯ ವಯಸ್ಸಿನಲ್ಲಿ ನನ್ನ ಮುಖದಲ್ಲಿ ಮೊಡವೆ ಬಂದವು. ಹದಿನಾರಕ್ಕೆ ಬರಬೇಕಾದವು ಒಂಬತ್ತು ವರ್ಷ ತಡ, ಥೇಟ್ ನಮ್ಮ ಔರಾದ್ ಬಸ್ಸಿನ ಹಾಗೆ. ಬಸ್ಸಿನ ಹಾಗೆಯೇ ಬರುವಾಗ ಒಟ್ಟಿಗೆ ನಾಲ್ಕು ಬಂದವು.

ಆಗಷ್ಟೇ ನನಗೆ ಔರಾದಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಏಳರ ಬಸ್ಸಿಗೆ ಹೊರಡಬೇಕು. ಮನೆಯಲ್ಲಿ ರೊಟ್ಟಿ ತಿನ್ನಲು ಹೊತ್ತಿಲ್ಲ. ಸಂತಪುರದಲ್ಲಿ ಬಸ್ಸು ನಿಂತಾಗ ಸಕ್ಕರೆ ಜಾಸ್ತಿ ಹಾಕಿದ ಒಂದು ಚಹಾ, ಎರಡು ಖಾರಿ. ಮಧ್ಯಾಹ್ನ ಕಾಲೇಜಿನ ಎದುರು ಮಿರ್ಚಿಭಜಿ, ಪಾವು. ಸಂಜೆ ಮನೆಗೆ ಬಂದು ಮರುದಿನದ ಪಾಠದ ಟಿಪ್ಪಣಿ, ಆಮೇಲೆ ಹಾಸಿಗೆಯಲ್ಲಿ ಮೊಬೈಲು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆ ಯಾವಾಗಲೂ ಜೊತೆಗೆ. ತಿಂಗಳ ಮುಟ್ಟು ಕೂಡ ದಾರಿ ತಪ್ಪಿತ್ತು, ಆದರೆ ಅದನ್ನು ಯಾರಿಗೂ ಹೇಳಿರಲಿಲ್ಲ. ದವಡೆಯ ಉದ್ದಕ್ಕೂ ಕೆಂಪು, ನೋಯುವ ಗಂಟುಗಳು.

ಸಲಹೆಗಳಿಗೇನು ಬರ! ಪಕ್ಕದ ಮನೆಯವರು ಟೂತ್‌ಪೇಸ್ಟ್ ಎಂದರು. ಸಹೋದ್ಯೋಗಿ ಮೇಡಂ ಒಬ್ಬರು ನಿಂಬೆಹಣ್ಣು ಎಂದರು. ಇನ್ನೊಬ್ಬರು ಮದುವೆ ಎಂದರು, ಅದೂ ಹಚ್ಚಿಕೊಳ್ಳುವ ವಸ್ತುವೇ ಎನ್ನುವಂತೆ! ನಾನು ಯಾರನ್ನೂ ಕೇಳದೆ ಒಂದು ಮೆಡಿಕಲ್ ಅಂಗಡಿಯಿಂದ ಬೆಳ್ಳಗಾಗುವ ಕ್ರೀಮು ತಂದೆ. ಹತ್ತು ದಿನ ಮುಖ ಕನ್ನಡಿಯಂತೆ ಹೊಳೆಯಿತು. ಹನ್ನೊಂದನೆಯ ದಿನ ಬಿಟ್ಟು ನೋಡಿದೆ. ಹೋಗಿದ್ದವೆಲ್ಲ ತಮ್ಮ ನೆಂಟರಿಷ್ಟರನ್ನು ಕರೆದುಕೊಂಡು ವಾಪಸು ಬಂದವು. ಮತ್ತೆ ಹಚ್ಚಿದೆ. ಮತ್ತೆ ಬಿಟ್ಟೆ. ಕೊನೆಗೆ ಕ್ರೀಮು ನನ್ನನ್ನು ಹಚ್ಚಿಕೊಂಡಿತ್ತು.

ಉಳಿದದ್ದು ಒಂದೇ ದಾರಿ, ಮಾಸ್ಕು. ನಾನು ಕೆಲಸಕ್ಕೆ ಸೇರಿದಾಗ ಎಲ್ಲರ ಮುಖದಲ್ಲೂ ಇತ್ತು, ಈಗ ಕೊರೊನಾ ಮುಗಿದು ಎಲ್ಲರೂ ಬಿಚ್ಚಿದ್ದರು. ನಾನು ಮಾತ್ರ ಬಿಚ್ಚಲಿಲ್ಲ. "ಡಸ್ಟ್ ಅಲರ್ಜಿ" ಎಂದೆ. ಮೊದಲ ದಿನದಿಂದ ಮಾಸ್ಕಿನಲ್ಲೇ ಪಾಠ ಹೇಳಿದ ನನ್ನ ಪೂರ್ತಿ ಮುಖವನ್ನು ನನ್ನ ವಿದ್ಯಾರ್ಥಿಗಳು ನೋಡಿಯೇ ಇರಲಿಲ್ಲ. ಒಳಗೆ ಬೆವತು ಗುಳ್ಳೆ ಇನ್ನೂ ಹೆಚ್ಚಾದವು. ಹೆಚ್ಚಾದಷ್ಟೂ ಮಾಸ್ಕು ಮೇಲೆ ಏರಿತು. ಭಾಲ್ಕಿಗೆ ಹೋಗುವುದನ್ನಂತೂ ಮೂರು ತಿಂಗಳು ಬಿಟ್ಟೇಬಿಟ್ಟೆ. ಆದರೆ ಅತ್ತೆಯಿಂದ ತಪ್ಪಿಸಿಕೊಳ್ಳುವುದು ಅಷ್ಟು ಸುಲಭವೇ? ಅಪ್ಪ ಡಬ್ಬಿ ಒಯ್ದ ಒಂದು ಭಾನುವಾರ ಫೋನು ಬಂತು.

"ನಿಮ್ಮ ಡಬ್ಬ್ಯಾಗ ಎರಡು ಸೇರು ಜ್ವಾಳ ಕಡಿಮಿ ಅದ. ರೊಟ್ಟಿ ತಿನ್ನೋದು ಬಿಟ್ಟೋರು ಯಾರು?"

"ನನಗೇನ್ ಗೊತ್ತು ಅತ್ತಿ."

"ಗೊತ್ತದ. ನಿನ್ನ ದನಿ ಮಾಸ್ಕಿನ್ಯಾಗಿಂದ ಬರ್ಲತ್ತದ."

ನಾನು ಮನೆಯಲ್ಲಿದ್ದೆ. ಮಾಸ್ಕು ಹಾಕಿರಲಿಲ್ಲ. ಹಾಕಿರಲಿಲ್ಲವೇ? ಈಗ ಖಚಿತವಾಗಿ ಹೇಳಲಾರೆ.

ಅದೇ ವಾರವೋ ಅದರ ಮುಂದಿನ ವಾರವೋ ಪ್ರಾಂಶುಪಾಲರು ಕರೆಸಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಮೇಡಮ್ಮರ, ಹಿಂದಿನ ಬೆಂಚಿನ ಹುಡುಗರಿಗೆ ನಿಮ್ಮ ಪಾಠ ಕೇಳಸ್ಲತ್ತಿಲ್ಲಂತ್ರಿ. ಸೋಮವಾರದಿಂದ ಜರಾ ಮಾಸ್ಕ್ ತೆಗೆದು ಹೇಳ್ರಿ" ಎಂದರು. ನಾನು ತಲೆಯಾಡಿಸಿ ಹೊರಗೆ ಬಂದೆ. ನಲವತ್ತೆರಡು ಜೊತೆ ಕಣ್ಣು, ಒಂದು ಮುಖ! ಬಸ್ಸಿನಲ್ಲೇ ಕುಳಿತು ರಾಜೀನಾಮೆ ಪತ್ರ ಬರೆದೆ. "ವೈಯಕ್ತಿಕ ಕಾರಣಗಳಿಂದ" ಎಂದು ಬರೆದಾಗ ನನಗೇ ನಗು ಬಂತು. ಎಷ್ಟು ವೈಯಕ್ತಿಕವೆಂದರೆ ಮೂಗಿನ ತುದಿಯ ಮೇಲೂ ಒಂದಿತ್ತು.

ಆದರೂ ಒಂದು ಆಸೆ ಉಳಿದಿತ್ತು. ಆಗಷ್ಟೇ ಬೀಸಿದ ಕಡಲೆಹಿಟ್ಟು, ಮೊಸರು, ಎರಡು ಸಲ ಹಚ್ಚಿದರೆ ಮುಖ ತಿಳಿಯಾಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ಭಾನುವಾರ ಬೆಳಿಗ್ಗೆ ಒಂದು ಕಿಲೋ ಕಡಲೆಬೇಳೆ, ಚೀಲದಲ್ಲಿ ಪತ್ರ, ಮುಖಕ್ಕೆ ಮಾಸ್ಕು, ಹೀಗೆ ಭಾಲ್ಕಿಗೆ ಹೋದೆ. ಮುಖ ತಿಳಿಯಾದರೆ ಔರಾದ್, ಆಗದಿದ್ದರೆ ಪತ್ರ.

ಗಿರಣಿಯ ಮುಂದೆ ಭಾನುವಾರದ ಸಾಲು. ಅತ್ತೆ ದೂರದಿಂದಲೇ ಕೂಗಿದಳು.

"ಮಾರಿ ಯಾಕ ಕಟ್ಟಿಗೊಂಡಿ?"

"ಹಿಟ್ಟಿನ ಧೂಳು ಅತ್ತಿ."

"ಓಹೋ, ಧೂಳು! ಕಡ್ಲಿಹಿಟ್ಟು ಎದಕ್ಕ?"

ಮುಖಕ್ಕೆ ಎಂದರೆ ಸಾಲಿನ ಮುಂದೆಯೇ ಮೂರೂ ಪ್ರಶ್ನೆ ಶುರುವಾಗುತ್ತವೆ. "ಭಜಿಗೆ" ಎಂದೆ.

ಇಡೀ ಕಥೆಯಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. (ಡಸ್ಟ್ ಅಲರ್ಜಿಯನ್ನೂ ಸೇರಿಸಿದರೆ ಎರಡು. ಧೂಳನ್ನೂ ಸೇರಿಸಿದರೆ ಮೂರು.) ಹತ್ತು ನಿಮಿಷದಲ್ಲಿ ಅತ್ತೆ ಹಳದಿ ಹಿಟ್ಟನ್ನು ಒಂದು ಸ್ಟೀಲಿನ ಡಬ್ಬಿಯಲ್ಲಿ ತಂದುಕೊಟ್ಟು ಮತ್ತೆ ಜೋಳದ ಕಡೆ ಓಡಿದಳು. ನಾನು ಹಿಂದಿನ ಮನೆಗೆ ಹೋಗಿ, ಬಾಗಿಲು ಹಾಕಿ, ಬಟ್ಟಲಲ್ಲಿ ಮೊಸರಿಗೆ ಕಲೆಸಿ, ಕನ್ನಡಿಯ ಮುಂದೆ ಕುಳಿತು ದಪ್ಪಗೆ ಬಳಿದುಕೊಂಡೆ. ಹಿಟ್ಟು ಸ್ವಲ್ಪ ಕೆಂಪು ಎನಿಸಿತು. ತಾಜಾ ಹಿಟ್ಟು ಹೀಗೇ ಇರುತ್ತದೆ ಎಂದುಕೊಂಡೆ.

ಡೈರಿಯಲ್ಲಿ ಆ ದಿನದ ಪುಟದಲ್ಲಿ ಇರುವುದು ಎರಡೇ ಪದ: "ಮುಖ ಉರಿ."

ನಾನು ಕೂಗಿದ ಕೂಗಿಗೆ ಗಿರಣಿ ನಿಂತಿತು. ಇದು ಚಿಕ್ಕ ಮಾತಲ್ಲ. ಅತ್ತೆ ನಡುವೆ ಗಿರಣಿ ನಿಲ್ಲಿಸಿದ್ದನ್ನು ಭಾಲ್ಕಿ ನೋಡಿರಲಿಲ್ಲ. ಸದ್ದು ನಿಂತದ್ದೇ ತಡ, ಏನೋ ಅನಾಹುತವಾಗಿದೆ ಎಂದು ಇಡೀ ಸಾಲೇ ಒಳಗೆ ನುಗ್ಗಿತು. ಅತ್ತೆಯೊಬ್ಬಳಿಗೆ ಕಾಣದಂತೆ ಮುಚ್ಚಿಟ್ಟ ಮುಖವನ್ನು ಎಂಟೋ ಹತ್ತೋ ಜನ ಒಟ್ಟಿಗೆ ನೋಡಿದರು, ಅದೂ ಕಡಲೆಹಿಟ್ಟು ಬಳಿದದ್ದನ್ನು! ಖಾಲಾ "ಪಾನಿ ಲಾವ್, ಪಾನಿ!" ಎಂದು ಕೂಗಿದರು. ಅತ್ತೆ ನನ್ನ ತಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಕೊಡಗಟ್ಟಲೆ ನೀರು ಸುರಿದು, ಆಮೇಲೆ ತಣ್ಣನೆಯ ಮಜ್ಜಿಗೆಯಲ್ಲಿ ಬಟ್ಟೆ ಅದ್ದಿ ಮುಖದ ಮೇಲೆ ಇಟ್ಟಳು. ನನಗೆ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಮಾತು ಮಾತ್ರ ಕೇಳುತ್ತಿತ್ತು.

"ಭಜಿಗಂತ ಹೇಳಿದ್ದಿಯಲ್ಲ!"

"ಖಾರದ ಗಿರಣ್ಯಾಗ ಹಾಕಿದೇನು ಅತ್ತಿ?"

"ಮುಂದ ಜ್ವಾಳದ ಸಾಲಿತ್ತು. ಭಜಿಗಾದ್ರ ಜರಾ ಖಾರ ಬ್ಯಾಡೇನು? ರುಚಿ ಬರ್ಲಿ ಅಂತ ಹಾಕೀನಿ! ಮಾರಿಗೆ ಅಂತ ಒಂದು ಮಾತು ಹೇಳಿದ್ರ ಕಲ್ಲು ತೊಳದು ಬೀಸ್ತಿದ್ದೆ!"

ಹಾಗೆ ಒದ್ದೆ ಬಟ್ಟೆಯ ಕೆಳಗೆ ಮಲಗಿದವಳಿಗೆ, ಅಷ್ಟೂ ಜನರ ಮುಂದೆ, ಅತ್ತೆ ಪ್ರಶ್ನೆ ಕೇಳಿದಳು. ಏನ್ ತಿಂದಿ? ಖಾರಿ, ಭಜಿ, ಪಾವು ಎಂದೆ. ಸಾಲು ನಿಟ್ಟುಸಿರು ಬಿಟ್ಟಿತು. ನಿದ್ದಿ ಆಗ್ತದೇನು? ಇಲ್ಲ ಎಂದೆ. ಯಾರೋ ಪಾಪ ಎಂದರು. ಯಾರ ಮ್ಯಾಲ ಸಿಟ್ಟದ?

"ನನ್ನ ಮ್ಯಾಲೇ" ಎಂದೆ.

ಖಾಲಾ ನನ್ನ ತಲೆಗೆ ಮೆಲ್ಲಗೆ ಒಂದು ಕೊಟ್ಟು, "ಹೌಲಿ!" ಎಂದರು. ಹುಚ್ಚಿ ಎನ್ನುವುದನ್ನು ಅಷ್ಟು ಪ್ರೀತಿಯಿಂದ ಇನ್ನಾವ ಭಾಷೆಯಲ್ಲೂ ಹೇಳಲಾಗದು.

ಜನ ಹೋದರು. ಅತ್ತೆ ಒಣ ಟವೆಲ್ಲು ಹುಡುಕುತ್ತ ನನ್ನ ಚೀಲಕ್ಕೆ ಕೈ ಹಾಕಿದಳು. ಕಾಗದದ ಸದ್ದು ಕೇಳಿಸಿತು. ಅವಳು ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತಾಳೆ, ಹಾಗಾಗಿ ಬಹಳ ಹೊತ್ತು ಹಿಡಿಯಿತು. ಕೊನೆಗೆ ಒಂದೇ ಮಾತು ಬಂತು.

"ಸಾಲಿ ಬಿಡಬ್ಯಾಡ."

ಕಾಲೇಜು ಎನ್ನಲಿಲ್ಲ, ಕೆಲಸ ಎನ್ನಲಿಲ್ಲ, ಸಾಲಿ ಎಂದಳು, ಅಂದರೆ ಶಾಲೆ. ದನಿ ಅವಳದಲ್ಲ ಎನ್ನುವಷ್ಟು ಸಣ್ಣಗಿತ್ತು. ಖಾರದ ಘಾಟು ಹತ್ತಿರಬೇಕು ಎಂದುಕೊಂಡೆ. ನಾನು ಕಣ್ಣು ತೆರೆಯುವ ಹೊತ್ತಿಗೆ ಅವಳು ಉಳಿದ ಹಿಟ್ಟನ್ನು ನನ್ನ ರಾಜೀನಾಮೆ ಪತ್ರದಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. "ಭಜಿಗಂತ ಹೇಳಿದ್ದಿ. ಭಜಿನೇ ಆಗ್ಲಿ." ಸಂಜೆ ಎಲ್ಲರೂ ಸೇರಿ ತಿಂದೆವು. ಉಪ್ಪು ಕಡಿಮೆ ಇತ್ತು. ಖಾರ ಬರೋಬ್ಬರಿ ಇತ್ತು.

ಪತ್ರ ಇಲ್ಲ, ಹಾಗಾಗಿ ಸೋಮವಾರ ಔರಾದಿಗೆ ಹೋಗಲೇಬೇಕಾಯಿತು. ಸುಟ್ಟ ಚರ್ಮಕ್ಕೆ ಮಾಸ್ಕು ತಾಗಿದರೆ ಜೀವ ಹೋಗುತ್ತಿತ್ತು, ಹಾಗಾಗಿ ಬರಿಮುಖದಲ್ಲೇ ಹೋಗಬೇಕಾಯಿತು. ನನ್ನ ಧೈರ್ಯವನ್ನು ಯಾರಾದರೂ ಹೊಗಳಿದರೆ ದಯವಿಟ್ಟು ಮೆಣಸಿನಕಾಯಿಗೆ ಹೇಳಿ. ತರಗತಿಗೆ ಹೋಗಿ ನಿಂತೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ತಡೆಯಲಾರದೆ ಕೇಳಿದಳು.

"ಮೇಡಂ, ಮಾರಿಗೆ ಏನ್ ಹಚ್ಚೀರ್ರಿ?"

"ಖಾರದಪುಡಿ."

ಮೊದಲು ಅವಳು ನಕ್ಕಳು, ಆಮೇಲೆ ಎಲ್ಲರೂ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಈಗ ಚೆಂದ ಕೇಳಸ್ಲತ್ತದ್ರಿ ಮೇಡಂ!" ಪಾಠ ಮುಗಿದ ಮೇಲೆ ಮೂರು ಹುಡುಗಿಯರು ಹಿಂದೆಯೇ ಉಳಿದರು. ಅವರ ಕೆನ್ನೆಯಲ್ಲೂ ಇದ್ದವು. ಇಷ್ಟು ದಿನ ಅವರ ಎದುರಿಗೆ ನಿಂತವಳು ನಾನು ನೋಡಿಯೇ ಇರಲಿಲ್ಲ. ಅವರು ಕೇಳಿದ್ದು ಏನು ಹಚ್ಚಬೇಕು ಎಂದು. ನನ್ನ ಬಾಯಿಂದ ಹೊರಟದ್ದು ಮಾತ್ರ ಬೇರೆ: "ನಿದ್ದಿ ಆಗ್ತದೇನವಾ?" ಕೇಳಿದ ಮೇಲೆ ನಾನೇ ಬೆಚ್ಚಿದೆ. ರೋಗ ಅಂಟುವುದು ಹೀಗೆಯೇ ಇರಬೇಕು!

ಅದೇ ವಾರ ಅತ್ತೆ ಅರ್ಧ ದಿನ ಗಿರಣಿ ಮುಚ್ಚಿ, ರೈಲು ಹತ್ತಿ ಬೀದರಿಗೆ ಬಂದು, ನನ್ನನ್ನು ಚರ್ಮದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಮೈ ತೊಳೆದು, ಇಸ್ತ್ರಿಯ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಅವಳಲ್ಲಿ ಏನೋ ಬೇರೆ ಇದೆ ಎನಿಸುತ್ತಿತ್ತು. ಏನೆಂದು ತಿಳಿಯಲಿಲ್ಲ.

ಡಾಕ್ಟರು ನಡುವಯಸ್ಸಿನ ಹೆಂಗಸು, ನಮ್ಮ ಕಡೆಯವರೇ. ಕೂರಿಸಿ ಕೇಳಿದರು: "ಊಟಕ್ಕ ಏನೇನು ತಗೋತಿ?" ಅತ್ತೆ ನನ್ನ ತೊಡೆ ಚಿವುಟಿದಳು. "ಎಷ್ಟು ತಾಸು ನಿದ್ದಿ?" ಮತ್ತೊಮ್ಮೆ ಚಿವುಟಿದಳು. "ಮನಸ್ಸಿಗೆ ಏನಾರ ತ್ರಾಸದ ಏನು?" ಅತ್ತೆ ತಡೆಯದಾದಳು. "ನೋಡಿದೇನು! ಇಕಿ ನಮ್ಮ ಗಿರಣಿ ಸಾಲ್ಯಾಗೇ ಓದ್ಯಾಳ!" ಡಾಕ್ಟರು ನಕ್ಕು, ತಿಂಗಳ ಮುಟ್ಟು ಸರಿಯಾಗಿ ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಅತ್ತೆಯ ಮುಖ ಇಳಿಯಿತು. ಆ ನಾಲ್ಕನೆಯ ಪ್ರಶ್ನೆ ಗಿರಣಿಯ ಸಾಲಿನಲ್ಲಿ ಹುಟ್ಟಲು ಸಾಧ್ಯವಿರಲಿಲ್ಲವಲ್ಲ.

ರಕ್ತಪರೀಕ್ಷೆ ಬರೆದುಕೊಟ್ಟರು. ಕ್ರೀಮನ್ನು ನೋಡಿದ ಕೂಡಲೇ, ಇದರ ಸಹವಾಸ ಸಾಕು ಎಂದರು. ಒಂದು ಔಷಧಿ ಹಚ್ಚಬೇಕು, ಗುಳ್ಳೆ ಚಿವುಟಬಾರದು, ವೇಳೆಗೆ ಮಲಗಬೇಕು, ಸಕ್ಕರೆ, ಮೈದಾ ಕಡಿಮೆ ಮಾಡಬೇಕು, ಮೂರು ನಾಲ್ಕು ತಿಂಗಳು ತಾಳಬೇಕು.

"ಜ್ವಾಳದ ರೊಟ್ಟಿ ತಿಂದ್ರ ಹೋಗ್ತಾವಲ್ರಿ?" ಅತ್ತೆ ಬಿಡಲಿಲ್ಲ.

"ರೊಟ್ಟಿ ಛಲೋನೇ ಅಮ್ಮಾ. ಖರೆ ರೊಟ್ಟಿ ತಿಂದೋರಿಗೂ ಬರ್ತಾವ. ಏನೋ ತಪ್ಪು ಮಾಡಿದೋರಿಗೇ ಬರ್ತಾವಂತ ಅಲ್ಲ. ಒಬ್ಬೊಬ್ಬರಿಗಿ ಮನಿತನದಾಗೇ ಇರ್ತದ." ಡಾಕ್ಟರು ನನ್ನ ಕಡೆ ತಿರುಗಿದರು. "ನಿಮ್ಮ ಮನ್ಯಾಗ ಯಾರಿಗಾರ ಹಿಂಗ ಇತ್ತೇನು?"

"ಇಲ್ರಿ" ಎಂದೆ. ಖಚಿತವಾಗಿಯೇ ಹೇಳಿದೆ.

"ನನಗಿತ್ರಿ" ಎಂದಳು ಅತ್ತೆ.

ಡಾಕ್ಟರು ಮೇಜಿನ ದೀಪವನ್ನು ಅವಳ ಕಡೆ ತಿರುಗಿಸಿದರು. ಹಿಟ್ಟಿಲ್ಲದ ಮುಖ. ದಾರಿಯುದ್ದಕ್ಕೂ ನನಗೆ ಬೇರೆಯಾಗಿ ಕಂಡದ್ದು ಅದು. ಎರಡೂ ಕೆನ್ನೆಗಳ ಮೇಲೆ, ದವಡೆಯ ಉದ್ದಕ್ಕೂ, ಸರಿಯಾಗಿ ನನಗಿದ್ದ ಜಾಗದಲ್ಲೇ, ಹಳೆಯ ಸಣ್ಣ ಸಣ್ಣ ಕುಳಿಗಳು.

"ಒಂಬತ್ತನೇ ಕ್ಲಾಸಿನ್ಯಾಗ ಇದ್ದಾಗ ಮಾರಿ ತುಂಬ ಬಂದಿದ್ವುರಿ" ಎಂದಳು ಅತ್ತೆ, ಬೇರೆ ಯಾರದೋ ಸುದ್ದಿ ಹೇಳುವಂತೆ. "ಎಲ್ಲಾರೂ ಏನ್ ಹಚ್ಚಬೇಕು ಅಂತ ಹೇಳಿದ್ರು. ಹಚ್ಚಿದ್ದೆಲ್ಲ ಹಚ್ಚೀನಿ. ಸಾಲ್ಯಾಗ ಹುಡುಗ್ರು ಒಂದು ಹೆಸರಿಟ್ಟಿದ್ರು. ಸಾಲಿ ಬಿಟ್ಟೀನ್ರಿ. ಅಪ್ಪನ ಗಿರಣ್ಯಾಗ ಕುಂತೆ. ಗಿರಣ್ಯಾಗ ಎಲ್ಲಾರ ಮಾರಿನೂ ಒಂದೇ ನೋಡ್ರಿ."

ನಮ್ಮ ಮನೆಯಲ್ಲಿ ಈ ಕಥೆ ಬೇರೆ ಇದೆ. ಅವಳಿಗೆ ಗಿರಣಿಯ ಹುಚ್ಚು, ಓದು ತಲೆಗೆ ಹತ್ತಲಿಲ್ಲ ಎಂದು ಅಪ್ಪ ಹೇಳುತ್ತಾರೆ, ಅಜ್ಜಿಯೂ ಹಾಗೇ ಹೇಳುತ್ತಿದ್ದಳು. ನಾನು ಇತಿಹಾಸ ಓದಿದವಳು, ಅದನ್ನು ಒಂದು ಸಲವೂ ಪ್ರಶ್ನಿಸಿರಲಿಲ್ಲ. ಆ ಸಂಜೆ ಹಳೆಯ ಡೈರಿಗಳನ್ನೆಲ್ಲ ತೆಗೆದು ಹುಡುಕಿದೆ. ಅತ್ತೆಯ ಮಾತು ಪುಟಗಟ್ಟಲೆ ಇವೆ. ನನ್ನ ಮೊಡವೆಗಳು ಒಂದೊಂದೂ ಜಾಗ, ದಿನ ಸಮೇತ ಇವೆ. ಅವಳ ಮುಖದ ಬಗ್ಗೆ ಒಂದು ಸಾಲೂ ಇಲ್ಲ. ಮದುವೆ ಮುಂಜಿಗಳಲ್ಲಿ, ಹಬ್ಬದ ದಿನ, ಎಷ್ಟು ಸಲ ಹಿಟ್ಟಿಲ್ಲದೆ ಕಂಡಿರಬೇಡ? ನೋಡಿರಲೇಬೇಕು. ನೋಡಿದ್ದು ನೆನಪಿಲ್ಲವೋ, ನೋಡಿಯೇ ಇಲ್ಲವೋ?

ಔಷಧಿ, ನಿದ್ದೆ, ರೊಟ್ಟಿ ಎಲ್ಲ ಸೇರಿ ನನ್ನ ಮುಖ ಮುಕ್ಕಾಲು ತಿಳಿಯಾಗಿದೆ. ಯಾವುದರಿಂದ ಎಷ್ಟು ಎಂದು ಹೇಳಲಾರೆ. ನಾಲ್ಕಾರು ಕಲೆ ಉಳಿದಿವೆ. ಔರಾದಿನ ಕೆಲಸವೂ ಉಳಿದಿದೆ, ಸದ್ಯಕ್ಕೆ. ಈಗ ತಿಂಗಳಿಗೊಮ್ಮೆ ಅಪ್ಪನ ಬದಲು ಜೋಳದ ಡಬ್ಬಿ ಒಯ್ಯುವವಳು ನಾನೇ. ಮೊದಲ ಸಲ ಒಯ್ದಾಗ ಬೇಗ ಹೋಗಿದ್ದೆ, ಸಾಲು ಇನ್ನೂ ಕೂಡಿರಲಿಲ್ಲ, ಅತ್ತೆಯ ಮುಖದ ಮೇಲೆ ಇನ್ನೂ ಹಿಟ್ಟು ಕೂತಿರಲಿಲ್ಲ. ಅವಳು ಎಂದಿನಂತೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಕೇಳಿದಳು. ಏನ್ ತಿಂದಿ? ರೊಟ್ಟಿ. ನಿದ್ದಿ? ಆಗ್ಯಾದ. ಯಾರ ಮ್ಯಾಲರ ಸಿಟ್ಟದ? ಇಲ್ಲ. ಆಗ ನಾನು ಆ ಕೈ ಹಿಡಿದುಕೊಂಡೆ.

"ಅತ್ತಿ, ಒಂಬತ್ತನೇ ಕ್ಲಾಸಿನ್ಯಾಗ ಇದ್ದಾಗ ನಿನಗ ಯಾರ ಮ್ಯಾಲ ಸಿಟ್ಟಿತ್ತು?"

ಅತ್ತೆ ನನ್ನನ್ನು ನೋಡಿದಳು. "ಡಬ್ಬಿ ಇತ್ತ ಕೊಡು" ಎಂದು ಸ್ವಿಚ್ಚು ಒತ್ತಿದಳು. ಅಂದಿನಿಂದ ಪ್ರತಿ ಸಲ ಕೇಳುತ್ತೇನೆ. ಪ್ರತಿ ಸಲ ಗಿರಣಿ ಶುರುವಾಗುತ್ತದೆ.